ಇಪ್ಪತ್ತು ದಿನದ ‘ಬ್ರೇಕ್’, ಏಳು ವರ್ಷದ ಗ್ರಾಚ್ಯುಟಿ

ಪ್ರಶ್ನೆ: ಮೇಡಂ, ನಾನು ಮದ್ದೂರು ಕಡೆಯವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. 2018ರ ನವೆಂಬರ್ 1ಕ್ಕೆ ಸೇರಿದ್ದು, 2025ರ ಜುಲೈ 15ಕ್ಕೆ ಬಿಟ್ಟೆ. ಅಮ್ಮನಿಗೆ ಲಕ್ವ ಹೊಡೆಯಿತು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅದಕ್ಕೆ ನಾನೇ ರಾಜೀನಾಮೆ ಬರೆದುಕೊಟ್ಟೆ. ಗ್ರಾಚ್ಯುಟಿ ಕೇಳಿದರೆ ಎಚ್‌.ಆರ್.ನವರು ಮೂರು ಮಾತು ಹೇಳುತ್ತಾರೆ. ಒಂದು, ನೀನಾಗಿಯೇ ಬಿಟ್ಟರೆ ಗ್ರಾಚ್ಯುಟಿ ಇಲ್ಲ. ಎರಡು, ನಿನ್ನ ಸರ್ವೀಸಿನಲ್ಲಿ ಬ್ರೇಕ್ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಆರ್ಡರ್ ಇಲ್ಲ ಎಂದು ನಮ್ಮ ಲೈನಿನವರ ಹತ್ತಿರವೆಲ್ಲ ಒಂದು ಇಂಗ್ಲಿಷ್ ಕಾಗದಕ್ಕೆ ಸೈನ್ ಹಾಕಿಸಿಕೊಂಡು 20 ದಿನ ಮನೆಯಲ್ಲಿ ಕೂರಿಸಿದ್ದರು. ಆಮೇಲೆ ಅದೇ ಮೆಷಿನ್ನಿಗೇ ಕರೆದರು, ಆದರೆ ಟೋಕನ್ ನಂಬರ್ ಹೊಸದು ಕೊಟ್ಟರು. ಮೂರು, ಬಿಡುವಾಗ ‘ಫುಲ್ ಅಂಡ್ ಫೈನಲ್’ ಕಾಗದಕ್ಕೆ ಸೈನ್ ಹಾಕಿದ್ದೀಯ, ಇನ್ನೇನೂ ಕೇಳುವ ಹಾಗಿಲ್ಲ. ನಡುವೆ ಎರಡನೇ ಹೆರಿಗೆಗೆ ಆರು ತಿಂಗಳು ರಜೆಯಲ್ಲೂ ಇದ್ದೆ. ಕೊನೆಯ ಸ್ಲಿಪ್ಪಿನಲ್ಲಿ ಬೇಸಿಕ್ ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 13,000 ಇದೆ. ನನಗೆ ಏನಾದರೂ ಸಿಗುತ್ತಾ? ಪಿ.ಎಫ್. ದುಡ್ಡು ತೆಗೆದುಬಿಡಲಾ?

ಉತ್ತರ: ಅವರ ಮೂರು ಮಾತಿನಲ್ಲಿ ಮೊದಲನೆಯದು ಮತ್ತು ಕೊನೆಯದು ಸುಮ್ನೆ ಹೆದರಿಸಲು ಹೇಳಿದ್ದು. ನಡುವಿನ ಮಾತು ಮಾತ್ರ ನಿಜವಾದ ಜಗಳ. ಆ ಜಗಳದಲ್ಲಿ ಗೆಲ್ಲಬೇಕಾದರೆ ನಿಮ್ಮ ಕೈಯಲ್ಲಿ ಕಾಗದ ಇರಬೇಕು. ಆದ್ದರಿಂದ ಆ ಎರಡನ್ನು ಬೇಗ ಮುಗಿಸಿ, ಬ್ರೇಕಿನ ವಿಷಯಕ್ಕೆ ನಿಧಾನವಾಗಿ ಬರುತ್ತೇನೆ.

ಕೆಲಸ ಬಿಡುವಾಗ, ದುಡಿದ ವರ್ಷಗಳ ಲೆಕ್ಕದಲ್ಲಿ ಒಟ್ಟಿಗೆ ಬರುವ ದುಡ್ಡೇ ಗ್ರಾಚ್ಯುಟಿ. ಅದು ಮಾಲೀಕರು ಖುಷಿಯಾಗಿ ಕೊಡುವ ಬಕ್ಷೀಸು ಎಂದು ತುಂಬ ಜನ ತಿಳಿದಿದ್ದಾರೆ. 1972ಕ್ಕೆ ಮುಂಚೆ ಅನೇಕ ಕಡೆ ಹಾಗೇ ಇತ್ತು. ಆ ವರ್ಷ ಬಂದ ಗ್ರಾಚ್ಯುಟಿ ಪಾವತಿ ಕಾಯ್ದೆ ಅದನ್ನು ಹಕ್ಕು ಮಾಡಿತು. ಕಾಯ್ದೆಯ 4ನೇ ಸೆಕ್ಷನ್ ತೆಗೆದು ನೋಡಿದರೆ, ಯಾವಾಗ ಗ್ರಾಚ್ಯುಟಿ ಕೊಡಬೇಕು ಎನ್ನುವ ಕಡೆ ವಯಸ್ಸಾಗಿ ನಿವೃತ್ತಿ, ರಾಜೀನಾಮೆ, ಸಾವು, ಅಂಗವೈಕಲ್ಯ ಎಲ್ಲವೂ ಇವೆ. ರಾಜೀನಾಮೆ ಎನ್ನುವ ಪದ ಅಲ್ಲೇ ಅಚ್ಚಾಗಿದೆ. ಐದು ವರ್ಷ ಸತತ ಸೇವೆ ಆಗಿದ್ದರೆ ಸಾಕು, ನೀವಾಗಿ ಬಿಟ್ಟಿರೋ ಅವರು ಬಿಡಿಸಿದರೋ ಎನ್ನುವುದು ಲೆಕ್ಕಕ್ಕಿಲ್ಲ. ಸಾವು ಅಥವಾ ಅಂಗವೈಕಲ್ಯ ಆದರೆ ಆ ಐದು ವರ್ಷವೂ ಬೇಡ.

ಗ್ರಾಚ್ಯುಟಿಯನ್ನು ತಡೆಯುವುದಕ್ಕೆ ಕಾಯ್ದೆಯಲ್ಲಿ ಕೆಲವೇ ಕಾರಣಗಳಿವೆ. ಕಂಪನಿಯ ಆಸ್ತಿಗೆ ನಷ್ಟ ಮಾಡಿ ಕೆಲಸದಿಂದ ವಜಾ ಆಗಿರಬೇಕು, ಆಗಲೂ ಆದ ನಷ್ಟದಷ್ಟನ್ನೇ ಹಿಡಿಯಬಹುದು. ಇಲ್ಲವೇ ಗಲಾಟೆ, ಹೊಡೆದಾಟ ಮಾಡಿ ವಜಾ ಆಗಿರಬೇಕು. ಇಲ್ಲವೇ ಕೆಲಸದ ವೇಳೆ ಕಳ್ಳತನ, ಮೋಸದಂಥ ನೈತಿಕವಾಗಿ ಕೆಟ್ಟ ಅಪರಾಧ ಮಾಡಿ ವಜಾ ಆಗಿರಬೇಕು. ಎಲ್ಲದರಲ್ಲೂ ‘ವಜಾ’ ಇದೆ ನೋಡಿ. ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರಿಗೆ ಇದು ಯಾವುದೂ ತಾಗುವುದಿಲ್ಲ.

ಇನ್ನು ‘ಫುಲ್ ಅಂಡ್ ಫೈನಲ್’ ಕಾಗದ. ನನಗೆ ಬರಬೇಕಾದ್ದೆಲ್ಲ ಬಂದಿದೆ, ಮುಂದೆ ಏನೂ ಕೇಳಲ್ಲ ಎಂದು ಬರೆಸಿಕೊಳ್ಳುವುದು ಎಲ್ಲ ಕಡೆ ಇದೆ. ಆದರೆ ಇದೇ ಕಾಯ್ದೆಯ 14ನೇ ಸೆಕ್ಷನ್, ಯಾವ ಒಪ್ಪಂದ ಏನೇ ಹೇಳಲಿ, ಈ ಕಾಯ್ದೆಯ ಮಾತೇ ಮೇಲು ಎನ್ನುತ್ತದೆ. ಕಾಯ್ದೆಗಿಂತ ಜಾಸ್ತಿ ಕೊಡುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳಬಹುದು, ಕಡಿಮೆ ಕೊಡುತ್ತೇವೆ ಎಂದು ಮಾಡಿಕೊಳ್ಳಲು ಬರುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಆ ಕಾಗದದಲ್ಲಿ ಗ್ರಾಚ್ಯುಟಿ ಎಂದು ಒಂದು ಮೊತ್ತ ಬರೆದು, ನೀವು ಅದನ್ನು ತೆಗೆದುಕೊಂಡಂತೆ ಸೈನ್ ಹಾಕಿದ್ದರೆ, ಆ ದುಡ್ಡು ಬಂದಿಲ್ಲ ಎಂದು ಬ್ಯಾಂಕ್ ಪಾಸ್‌ಬುಕ್ಕಿನಿಂದ ತೋರಿಸಬೇಕಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಖಾತೆಗೆ ಬಂದದ್ದು ಎಷ್ಟು, ಅದರಲ್ಲಿ ಸಂಬಳ ಎಷ್ಟು, ಉಳಿದ ರಜೆಯ ದುಡ್ಡು ಎಷ್ಟು ಎಂದು ಒಮ್ಮೆ ಬಿಡಿಸಿ ನೋಡಿ.

ಈಗ ಬ್ರೇಕ್.

ಅವರ ಲೆಕ್ಕ ಹೀಗಿದೆ. 2018ರ ನವೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಮೂರು ವರ್ಷ ಹತ್ತು ತಿಂಗಳು. ಮತ್ತೆ ಸೇರಿದಂದಿನಿಂದ 2025ರ ಜುಲೈವರೆಗೆ ಎರಡು ವರ್ಷ ಒಂಬತ್ತು ತಿಂಗಳು. ಎರಡೂ ಐದಕ್ಕಿಂತ ಕಡಿಮೆ, ಆದ್ದರಿಂದ ಸೊನ್ನೆ. ಒಂದು ದಾರವನ್ನು ನಡುವೆ ಕತ್ತರಿಸಿ, ಎರಡು ತುಂಡೂ ಗಿಡ್ಡ ಎಂದು ತೋರಿಸುವ ಕೆಲಸ ಇದು. ಟೈಲರ್ ಆಗಿದ್ದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯ್ದೆ ‘ಸತತ ಸೇವೆ’ ಎನ್ನುವುದನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳಿಲ್ಲ. ಕಾಯಿಲೆ, ಅಪಘಾತ, ರಜೆ, ಲೇ ಆಫ್ (ಕೆಲಸವಿಲ್ಲವೆಂದು ಸ್ವಲ್ಪ ದಿನ ಮನೆಗೆ ಕಳಿಸುವುದು), ಮುಷ್ಕರ, ಲಾಕ್‌ಔಟ್, ಕಾರ್ಮಿಕರ ತಪ್ಪಿಲ್ಲದೆ ಕೆಲಸ ನಿಂತದ್ದು, ಇವು ಯಾವುವೂ ಸೇವೆಯನ್ನು ಮುರಿಯುವುದಿಲ್ಲ. ಹೇಳದೆ ಕೇಳದೆ ಗೈರಾದ ದಿನಗಳು ಕೂಡ ತಾವಾಗಿ ಬ್ರೇಕ್ ಆಗುವುದಿಲ್ಲ, ಅದನ್ನು ಬ್ರೇಕ್ ಎಂದು ನಿಯಮದ ಪ್ರಕಾರ ಆದೇಶ ಮಾಡಿರಬೇಕು. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಮನೆಯಲ್ಲಿ ಕೂತಿರಲ್ಲ, ಅದನ್ನು ಯಾರಾದರೂ ಎತ್ತಿದರೆ ಉತ್ತರ ಇಲ್ಲೇ ಇದೆ: ಕೆಲಸ ನಿಂತದ್ದು ನಿಮ್ಮ ತಪ್ಪಿನಿಂದ ಅಲ್ಲ. ಹೆರಿಗೆ ರಜೆಯ ಚಿಂತೆಯೂ ಬೇಡ, 26 ವಾರದವರೆಗೆ ಅದು ಸೇವೆಗೆ ಸೇರುತ್ತದೆ. ಇದರ ಮೇಲೆ ಇನ್ನೊಂದು ಆಸರೆಯೂ ಇದೆ. ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷವನ್ನು ಪೂರ್ತಿ ಸೇವೆ ಎಂದು ಲೆಕ್ಕ ಹಿಡಿಯುತ್ತಾರೆ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಸಂಸ್ಥೆಗಳಲ್ಲಿ 190 ದಿನ ಸಾಕು.

ಆರ್ಡರ್ ಇಲ್ಲ ಎಂದು 20 ದಿನ ಮನೆಗೆ ಕಳಿಸಿದ್ದು ಇದೇ ಪಟ್ಟಿಗೆ ಬರುತ್ತದೆ. ಹಾಗಿದ್ದರೆ ತೊಂದರೆ ಎಲ್ಲಿ? ಆ ಇಂಗ್ಲಿಷ್ ಕಾಗದದಲ್ಲಿ. ಅದು ಬಹುಶಃ ರಾಜೀನಾಮೆ ಪತ್ರವೇ ಇರಬೇಕು. ಒಬ್ಬರು ನಿಜವಾಗಿ ರಾಜೀನಾಮೆ ಕೊಟ್ಟು, ಹಳೆಯ ಲೆಕ್ಕ ಚುಕ್ತಾ ಮಾಡಿಕೊಂಡು, ಆಮೇಲೆ ಹೊಸದಾಗಿ ಸೇರಿದರೆ ಅದು ಎರಡು ಬೇರೆ ಬೇರೆ ಸೇವೆ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಕಂಪನಿ ವಾದ ಮಾಡುವುದೂ ಹೀಗೆಯೇ. ನೀವು ತೋರಿಸಬೇಕಾದ್ದು ಇಷ್ಟೇ: ಅದು ಹೆಸರಿಗೆ ಮಾತ್ರ ರಾಜೀನಾಮೆ, ಕೆಲಸ ನಿಂತದ್ದು ಆರ್ಡರ್ ಇಲ್ಲದ್ದಕ್ಕೆ.

ಹಿಂದೆ ನಾನು ನಡೆಸಿದ ಒಂದು ಕೇಸಿನಲ್ಲಿ ಇದೇ ಥರ ಹದಿನಾಲ್ಕು ಹೆಣ್ಣುಮಕ್ಕಳ ರಾಜೀನಾಮೆ ಪತ್ರ ತಂದು ಮುಂದಿಟ್ಟರು. ಎಲ್ಲವೂ ಟೈಪ್ ಮಾಡಿದ್ದು, ಎಲ್ಲದರ ತಾರೀಖೂ ಒಂದೇ. ಕಾರಣ ‘ಪರ್ಸನಲ್’ ಎಂದಿತ್ತು. ಆ ಪದದ ಸ್ಪೆಲ್ಲಿಂಗ್ ಹದಿನಾಲ್ಕರಲ್ಲೂ ಒಂದೇ ಥರ ತಪ್ಪಾಗಿತ್ತು. ಹದಿನಾಲ್ಕು ಮನೆಗಳಲ್ಲಿ ಒಂದೇ ದಿನ ಒಂದೇ ಪರ್ಸನಲ್ ಕಾರಣ ಹುಟ್ಟಿತು, ಅದನ್ನು ಎಲ್ಲರೂ ಒಂದೇ ಥರ ತಪ್ಪಾಗಿ ಬರೆದರು ಎಂದು ನಂಬಬೇಕಿತ್ತು! ಅಧಿಕಾರಿಗಳು ನಗು ತಡೆದುಕೊಂಡೇ ಕಾಗದ ಪಕ್ಕಕ್ಕಿಟ್ಟರು.

ನಿಮ್ಮ ವಿಷಯದಲ್ಲಿ ನಾನು ಹುಡುಕುವುದು ಇವು. ಮೊದಲು, 2022ರ ಆಗಸ್ಟ್ ಸ್ಲಿಪ್ಪು ಮತ್ತು ನವೆಂಬರ್ ಸ್ಲಿಪ್ಪು ಪಕ್ಕ ಪಕ್ಕ ಇಟ್ಟು ನೋಡಿ. ಹೊಸದಾಗಿ ಸೇರಿದವರಿಗೆ ಹೊಸಬರ ಸಂಬಳ ಇರಬೇಕು ಅಲ್ವಾ? ನಿಮಗೆ ಹಳೆಯ ಟೈಲರ್ ಸಂಬಳವೇ ಮುಂದುವರಿದಿದ್ದರೆ, ನೀವು ಹೊಸಬರಲ್ಲ ಎಂದು ಅವರೇ ಒಪ್ಪಿದಂತೆ. ಎರಡನೆಯದು, ಆಗ ಯಾವ ಸೆಟ್ಲ್‌ಮೆಂಟ್ ಆದರೂ ಕೊಟ್ಟರಾ? ಉಳಿದ ರಜೆಯ ದುಡ್ಡು ಕೊಟ್ಟರಾ? ಏನೂ ಕೊಟ್ಟಿಲ್ಲವೆಂದರೆ ಅದೆಂಥ ರಾಜೀನಾಮೆ? ಮೂರನೆಯದು, ನಿಮ್ಮ ಇ.ಎಸ್.ಐ. (ಕಾರ್ಮಿಕರ ವಿಮೆ) ಕಾರ್ಡು. ಟೋಕನ್ ನಂಬರ್ ಬದಲಾದರೂ ಇ.ಎಸ್.ಐ. ನಂಬರ್ ಹಳೆಯದೇ ಇರುತ್ತದೆ, ಯಾವ ತಿಂಗಳು ಎಷ್ಟು ದಿನದ ಸಂಬಳಕ್ಕೆ ವಂತಿಗೆ ಕಟ್ಟಿದ್ದಾರೆ ಎನ್ನುವುದು ಅದರಲ್ಲಿ ಸಿಗುತ್ತದೆ. ಆಮೇಲೆ ಸೂಪರ್‌ವೈಸರ್ ವಾಟ್ಸ್ಯಾಪ್ ಗುಂಪಿನಲ್ಲಿ ಇಂಥ ದಿನದಿಂದ ಲೈನ್ ಶುರು, ಎಲ್ಲರೂ ಬನ್ನಿ ಎಂದು ಹಾಕಿದ ಮೆಸೇಜು ಇದೆಯಾ ನೋಡಿ. ಹಳೆಯ ಫೋನು ಯಾರಿಗೂ ಕೊಟ್ಟುಬಿಡಬೇಡಿ. ಬಿಟ್ಟವರನ್ನು ಯಾರಾದರೂ ಹಾಗೆ ಕರೆಯುತ್ತಾರಾ?

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಪಿ.ಎಫ್. ಪಾಸ್‌ಬುಕ್ಕು. ಅದು ಎರಡು ಕಡೆಯೂ ಹರಿಯುವ ಕತ್ತಿ. ಯು.ಎ.ಎನ್., ಅಂದರೆ ನಿಮ್ಮ ಖಾಯಂ ಪಿ.ಎಫ್. ನಂಬರ್, ಒಂದೇ ಇದ್ದರೂ ಅದರ ಕೆಳಗೆ ಎರಡು ಮೆಂಬರ್ ಐಡಿ (ಕೆಲಸಕ್ಕೆ ಸೇರಿದಾಗ ಕೊಡುವ ಖಾತೆ ನಂಬರ್) ಇರಬಹುದು. ಮೊದಲನೆಯದರಲ್ಲಿ ಕಂಪನಿಯವರು ‘ಬಿಟ್ಟ ದಿನ’ ಹಾಕಿದ್ದಾರಾ, ಯಾವ ದಿನ ಹಾಕಿದ್ದಾರೆ ಎನ್ನುವುದು ಸರ್ವೀಸ್ ಹಿಸ್ಟರಿಯಲ್ಲಿ ಕಾಣುತ್ತದೆ. ಹಾಕಿದ್ದರೆ ಅದನ್ನು ಅವರು ಹಿಡಿದುಕೊಳ್ಳುತ್ತಾರೆ. ಹಾಕಿಲ್ಲದಿದ್ದರೆ, ಅಥವಾ ಒಂದೇ ಮೆಂಬರ್ ಐಡಿ ಮುಂದುವರಿದಿದ್ದರೆ, ಬ್ರೇಕ್ ಎನ್ನುವ ಕತೆ ಅಲ್ಲಿಗೇ ಮುಗಿಯಿತು. ಉಮಂಗ್ ಆಪ್‌ನಲ್ಲಿ ತೆಗೆದು, ಸೈಬರ್ ಸೆಂಟರಿನಲ್ಲಿ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ಇಂದೇ ಮಾಡಿ.

ದುಡ್ಡಿನ ಲೆಕ್ಕ ಸುಲಭ. 13,000ವನ್ನು 26ರಿಂದ ಭಾಗಿಸಿ, ದಿನಕ್ಕೆ 500. ವರ್ಷಕ್ಕೆ 15 ದಿನದ್ದು, ಅಂದರೆ 7,500. ನಿಮ್ಮದು ಆರು ವರ್ಷ ಎಂಟೂವರೆ ತಿಂಗಳು. ಕೊನೆಯ ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಆಗಿದ್ದರೆ ಪೂರ್ತಿ ವರ್ಷ ಎಂದು ಹಿಡಿಯಬೇಕು, ಹಾಗಾಗಿ ಏಳು. 7,500ನ್ನು ಏಳರಿಂದ ಗುಣಿಸಿದರೆ 52,500 ರೂಪಾಯಿ. ಮನೆ ಬಾಡಿಗೆ ಭತ್ಯೆ, ಇನ್ಸೆಂಟಿವ್, ಓಟಿ ಇದಕ್ಕೆ ಸೇರುವುದಿಲ್ಲ. ಪಿ.ಎಫ್. ಕಡಿತ ಆದ ಮೇಲೆ ಕೈಗೆ ಬಂದ ಸಂಬಳದ ಮೇಲೆ ಲೆಕ್ಕ ಹಾಕುವಂತಿಲ್ಲ, ಕಡಿತಕ್ಕೆ ಮುಂಚಿನ ಬೇಸಿಕ್ ಮತ್ತು ಡಿ.ಎ. ಮೇಲೇ ಹಾಕಬೇಕು.

26 ಯಾಕೆ, 30 ಯಾಕಲ್ಲ ಎಂದು ಎಚ್‌.ಆರ್.ನವರು ಕೇಳಿದರೂ ಕೇಳಬಹುದು. ಈ ವಾದ ತುಂಬ ಹಳೆಯದು. ಗುಜರಾತಿನ ದಿಗ್ವಿಜಯ ವೂಲನ್ ಮಿಲ್ಸ್ ಪ್ರಕರಣದಲ್ಲಿ 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ತಿಂಗಳಲ್ಲಿ ವಾರದ ರಜೆ ಕಳೆದರೆ ಕೆಲಸದ ದಿನ 26, ಸಂಬಳ ದುಡಿಯುವುದು ಆ ದಿನಗಳಲ್ಲಿ. ಆಮೇಲೆ ಅದನ್ನು ಕಾಯ್ದೆಯಲ್ಲೇ ಸೇರಿಸಿದರು. 30ರಿಂದ ಭಾಗಿಸಿದರೆ ನಿಮಗೆ 45,500 ಬರುತ್ತದೆ. ಏಳು ಸಾವಿರ ಹೋಯಿತು!

ಇದರ ಮೇಲೆ ಬಡ್ಡಿ. ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕು. ನಿಮ್ಮ ಅರ್ಜಿ ಬರಲಿ ಬಿಡಲಿ, ಎಷ್ಟಾಯಿತು ಎಂದು ಲೆಕ್ಕ ಹಾಕಿ ತಿಳಿಸುವುದು ಮಾಲೀಕರ ಕೆಲಸ. ತಡವಾದರೆ ವರ್ಷಕ್ಕೆ ಶೇಕಡಾ 10ರಂತೆ ಸರಳ ಬಡ್ಡಿ, ನಿಮ್ಮ ಮೊತ್ತಕ್ಕೆ ತಿಂಗಳಿಗೆ 437 ರೂಪಾಯಿಯ ಮೇಲೆ ಆಗುತ್ತದೆ. ಇದರಲ್ಲಿ ನಮ್ಮ ರಾಜ್ಯದ್ದೇ ಒಂದು ತೀರ್ಪಿದೆ. ಕರ್ನಾಟಕ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ನಿನ ಒಬ್ಬ ನೌಕರರ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ಬಡ್ಡಿ ಕೊಡುವುದು ಕಡ್ಡಾಯ, ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ ಎಂದು ಹೇಳಿತು. ತಡಕ್ಕೆ ನೀವೇ ಕಾರಣವಾಗಿದ್ದು, ಅದಕ್ಕೆ ಲೇಬರ್ ಆಫೀಸಿನ ಅಧಿಕಾರಿಯ ಲಿಖಿತ ಅನುಮತಿಯನ್ನೂ ಕಂಪನಿಯವರು ಪಡೆದಿದ್ದರೆ ಮಾತ್ರ ಬಡ್ಡಿ ತಪ್ಪುತ್ತದೆ. ಈಗ ದುಡ್ಡಿಲ್ಲ, ಮುಂದಿನ ಶಿಪ್‌ಮೆಂಟ್ ಆಗಲಿ ಎನ್ನುವುದೆಲ್ಲ ನೆಪ. ಗ್ರಾಚ್ಯುಟಿಗೆ ವಿಮೆ ಮಾಡಿಸಬೇಕು ಎಂದು ಕರ್ನಾಟಕ 2024ರ ಜನವರಿಯಲ್ಲಿ ನಿಯಮವನ್ನೇ ತಂದಿದೆ.

ಮೊದಲ ಹೆಜ್ಜೆ ಕಂಪನಿಗೆ ಒಂದು ಅರ್ಜಿ. ಕಾಯ್ದೆಯ ನಿಯಮದಲ್ಲಿ ಇದಕ್ಕೆ ‘ಫಾರಂ ಐ’ ಎಂದು ಹೆಸರು. ಮೂವತ್ತು ದಿನದೊಳಗೆ ಕೊಡಬೇಕು ಎಂದಿದ್ದರೂ, ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ. ಫಾರಂ ಸಿಗದಿದ್ದರೆ ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ, ಹೀಗೆ ಬರೆಯಿರಿ:

‘ನಾನು ನಿಮ್ಮ ಕಾರ್ಖಾನೆಯಲ್ಲಿ 1-11-2018ರಿಂದ 15-7-2025ರವರೆಗೆ ಟೈಲರ್ ಆಗಿ ಕೆಲಸ ಮಾಡಿದ್ದೇನೆ. ಹಳೆಯ ಟೋಕನ್ ನಂಬರ್ ಇಂಥದ್ದು, 2022ರಲ್ಲಿ ಕೊಟ್ಟದ್ದು ಇಂಥದ್ದು. 2022ರ ಸೆಪ್ಟೆಂಬರ್‌ನಲ್ಲಿ ಆರ್ಡರ್ ಇಲ್ಲವೆಂದು ನಿಮ್ಮ ಕಡೆಯಿಂದಲೇ 20 ದಿನ ಕೆಲಸ ನಿಲ್ಲಿಸಿದ್ದಿರಿ, ಆಮೇಲೆ ಅದೇ ಲೈನಿನಲ್ಲಿ ಅದೇ ಕೆಲಸಕ್ಕೆ ಕರೆದಿರಿ. ನನ್ನ ಸೇವೆ ಸತತವಾಗಿದೆ. ಕೊನೆಯ ಬೇಸಿಕ್ ಮತ್ತು ಡಿ.ಎ. 13,000 ರೂಪಾಯಿ. ಏಳು ವರ್ಷದ ಗ್ರಾಚ್ಯುಟಿ 52,500 ರೂಪಾಯಿಯನ್ನು ಬಡ್ಡಿ ಸೇರಿಸಿ ನನ್ನ ಬ್ಯಾಂಕ್ ಖಾತೆಗೆ ಹಾಕಬೇಕೆಂದು ಕೇಳುತ್ತೇನೆ.’

ಇಷ್ಟೇ ಸಾಕು. ಬೈಗುಳ ಬೇಡ, ಕಣ್ಣೀರೂ ಬೇಡ. ಗೇಟಿನಲ್ಲಿ ಕೊಟ್ಟರೆ ಸೀಲು ಹಾಕಿ ಕೊಡುವುದಿಲ್ಲ, ಅದಕ್ಕೆ ಪೋಸ್ಟಿನಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಸ್ಪೀಡ್ ಪೋಸ್ಟೇ ಮಾಡಿ. ರಸೀದಿ ಮತ್ತು ಅರ್ಜಿಯ ಜೆರಾಕ್ಸ್ ಎರಡನ್ನೂ ಪಿನ್ ಹಾಕಿಟ್ಟುಕೊಳ್ಳಿ.

ತಿಂಗಳಾದರೂ ಉತ್ತರ ಇಲ್ಲ, ಅಥವಾ ಕೊಡಲ್ಲ ಎಂದರೆ ಲೇಬರ್ ಆಫೀಸು. ಕಾರ್ಖಾನೆ ಇರುವ ಜಾಗ ಯಾವ ಸಹಾಯಕ ಕಾರ್ಮಿಕ ಆಯುಕ್ತರಿಗೆ ಸೇರಿದೆ ಎಂದು ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಅಲ್ಲಿಗೆ ಅರ್ಜಿ ಹಾಕಲು 90 ದಿನದ ಗಡುವಿದೆ, ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ. ಅಮ್ಮನ ಆಸ್ಪತ್ರೆ ಕಾಗದಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ, ಒಂದು ಸೆಟ್ ಸೇರಿಸಿ. ಅವರು ಎರಡೂ ಕಡೆಯವರನ್ನು ಕರೆದು ವಿಚಾರಣೆ ಮಾಡುತ್ತಾರೆ. ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್ ತನ್ನಿ ಎಂದು ಕಂಪನಿಗೆ ಹೇಳುವ ಅಧಿಕಾರ ಅವರಿಗಿದೆ, ಅದನ್ನು ತರಿಸಿ ಎಂದು ನೀವೇ ಬರೆದು ಕೇಳಬೇಕು. ಆದೇಶ ನಿಮ್ಮ ಪರ ಆದ ಮೇಲೆ ಕಂಪನಿ ಮೇಲ್ಮನವಿ ಹೋಗಬೇಕಾದರೆ ಆ ದುಡ್ಡನ್ನು ಮೊದಲು ಠೇವಣಿ ಇಡಬೇಕು. ಕೊಡದಿದ್ದರೆ ಜಿಲ್ಲಾಧಿಕಾರಿ ಭೂಕಂದಾಯ ಬಾಕಿಯಂತೆ ವಸೂಲಿ ಮಾಡುತ್ತಾರೆ.

ಸಮಯ ಹಿಡಿಯುತ್ತದೆ. ತಾರೀಖು ಬೀಳುತ್ತದೆ, ಅವರ ವಕೀಲರು ಬರುವುದಿಲ್ಲ, ಇನ್ನೊಂದು ತಾರೀಖು. ಅಮ್ಮನನ್ನು ಬಿಟ್ಟು ಪ್ರತಿ ಸಲ ಓಡಾಡುವುದು ಕಷ್ಟ ಎಂದು ನನಗೆ ಗೊತ್ತು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಸರ್ಕಾರದಿಂದಲೇ ಉಚಿತ ವಕೀಲರು ಸಿಗುತ್ತಾರೆ. ಮಂಡ್ಯದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ನಿಮ್ಮ ನೆರೆಯವರು ಯಾರಾದರೂ ಹೊಸ ಕಾನೂನಿನಲ್ಲಿ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದು ಹೇಳಿರಬಹುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದು ನಿಜ. ಆದರೆ ಒಂದು ವರ್ಷದ ಮಾತು ಇಷ್ಟು ಅವಧಿಗೆ ಎಂದು ಗೊತ್ತುಮಾಡಿ ನೇಮಿಸಿಕೊಂಡವರಿಗೆ ಮಾತ್ರ. ಉಳಿದವರಿಗೆ ಐದು ವರ್ಷ ಹಾಗೇ ಇದೆ. ನೀವು ಜುಲೈನಲ್ಲೇ ಬಿಟ್ಟಿದ್ದರಿಂದ ನಿಮ್ಮ ಹಕ್ಕು ಹುಟ್ಟಿದ್ದು ಹಳೆಯ ಕಾಯ್ದೆಯಲ್ಲಿ. ಆಫೀಸಿನಲ್ಲಿ ಬೇರೆ ನಮೂನೆ ಕೇಳಿದರೆ ಅದನ್ನೇ ತುಂಬಿಕೊಡಿ, ಒಳಗಿನ ವಿಷಯ ಇದೇ.

ಪಿ.ಎಫ್.ಗೂ ಗ್ರಾಚ್ಯುಟಿಗೂ ಸಂಬಂಧವಿಲ್ಲ. ಒಂದನ್ನು ತೆಗೆದರೆ ಇನ್ನೊಂದು ಹೋಗುವುದಿಲ್ಲ. ಪಿ.ಎಫ್. ನಿಮ್ಮದೇ ದುಡ್ಡು. ಅದನ್ನು ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಅಡ್ಡಗಾಲು ಹಾಕಿದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದು ಅದನ್ನು ವಾಪಸ್ ತೆಗೆಸಿದವರು ನಿಮ್ಮಂಥ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ಆದರೂ ಈಗಲೇ ತೆಗೆಯಬೇಡಿ ಎನ್ನುತ್ತೇನೆ. ಎರಡು ಮೆಂಬರ್ ಐಡಿ ಇದ್ದರೆ ಮೊದಲು ಹಳೆಯದನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿ, ಆಗ ಎರಡೂ ಸೇವೆ ಕೂಡುತ್ತವೆ. ಪಿಂಚಣಿಗೆ ಹತ್ತು ವರ್ಷ ಬೇಕು, ನಿಮ್ಮದು ಆರು ದಾಟಿದೆ. ಅಮ್ಮ ಸುಧಾರಿಸಿಕೊಂಡ ಮೇಲೆ ಮತ್ತೆ ಎಲ್ಲಾದರೂ ಸೇರುವ ಯೋಚನೆ ಇದ್ದರೆ ಆ ಆರು ವರ್ಷ ಬೆಲೆಬಾಳುತ್ತದೆ. ಔಷಧಿ ಖರ್ಚಿಗೆ ತೆಗೆಯಲೇಬೇಕು ಎನ್ನುವ ಸ್ಥಿತಿ ಇದ್ದರೆ ಬೇರೆ ಮಾತು, ತೆಗೆಯುವ ಮುಂಚೆ ಆ ಪಾಸ್‌ಬುಕ್ ಪ್ರಿಂಟ್ ಮಾತ್ರ ಮರೆಯಬೇಡಿ.

ಇನ್ನೊಂದು ಕೆಲಸ ಇದೆ. 2022ರಲ್ಲಿ ನಿಮ್ಮ ಜೊತೆ ಆ ಕಾಗದಕ್ಕೆ ಸೈನ್ ಹಾಕಿದವರಲ್ಲಿ ಯಾರು ಯಾರು ಈಗ ಕೆಲಸ ಬಿಟ್ಟಿದ್ದಾರೆ ನೆನಪು ಮಾಡಿಕೊಳ್ಳಿ. ಒಳಗೆ ಇರುವವರು ಹೆದರುತ್ತಾರೆ, ಅವರನ್ನು ಒತ್ತಾಯ ಮಾಡಬೇಡಿ. ಬಿಟ್ಟವರು ಇಬ್ಬರು ಬಂದು, ಹೌದು, ನಮಗೂ ಅದೇ ದಿನ ಅದೇ ಕಾಗದ ಕೊಟ್ಟರು ಎಂದು ಹೇಳಿದರೆ ಸಾಕು. ಅವರಿಗೂ ಗ್ರಾಚ್ಯುಟಿ ಬಂದಿರುವುದಿಲ್ಲ. ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಹಾಕಿ, ಒಟ್ಟಿಗೆ ಒಂದೇ ಬಸ್ಸಿಗೆ ಹೋಗಿ.